ಅರಿಶಿನದ ಸಾರ ನೀರಿಗೆ ಕರಗಲೊಲ್ಲದು, ಮಧುನಾಶಿನಿ ಸಾರ ಮಳೆಗಾಲಕ್ಕೆ ಗಂಟು ಕಟ್ಟುತ್ತದೆ: ಏನು ಮಾಡಬೇಕು?

ಹದಡಿ ರಸ್ತೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಆಯುಷ್ ಪರವಾನಗಿಯ ಸಣ್ಣ ಘಟಕಕ್ಕೆ ಬೇಕಾದ ಮಾಹಿತಿ ಇದು. ಕೈಯಲ್ಲಿ ಮೂರು ಸಾರಗಳಿವೆ.

ಮೊದಲನೆಯದು ಶೇ 95 ಕರ್ಕ್ಯುಮಿನಾಯ್ಡ್ (ಕರ್ಕ್ಯುಮಿನ್ ಮತ್ತು ಅದರ ಜಾತಿಯ ಹಳದಿ ಅಂಶಗಳು) ಇರುವ ಅರಿಶಿನದ ಸಾರ. ಕ್ಯಾಪ್ಸೂಲಿಗೆ 500 ಮಿ.ಗ್ರಾಂ ತುಂಬುವ ಯೋಚನೆ. ನೀರಿಗೆ ಉದುರಿಸಿದರೆ ಮೇಲೇ ತೇಲುತ್ತದೆ. ಎರಡು ಗಂಟೆ ಕಲಕಿದರೂ ಹಳದಿ ಕದಡಾಗುತ್ತದೆ, ತಿಳಿಯಾಗುವುದಿಲ್ಲ.

ಎರಡನೆಯದು ನೆಲಬೇವಿನ ಸಾರ. ಅದರ ಸಕ್ರಿಯಾಂಶ ಆಂಡ್ರೊಗ್ರಾಫೊಲೈಡ್ ಲೆಕ್ಕದಲ್ಲಿ ಮಾತ್ರೆಗೆ 20 ಮಿ.ಗ್ರಾಂ. ಡಿಸಲ್ಯೂಶನ್ ಪರೀಕ್ಷೆಯಲ್ಲಿ, ಅಂದರೆ ಮಾತ್ರೆ ದ್ರವದಲ್ಲಿ ಎಷ್ಟು ಕರಗಿತೆಂದು ಅಳೆಯುವಾಗ, 45 ನಿಮಿಷಕ್ಕೆ ಶೇ 40 ದಾಟುತ್ತಿಲ್ಲ. ಜೊತೆಗೆ ಕಹಿ.

ಮೂರನೆಯದು ಮಧುನಾಶಿನಿ ಎಲೆಯ ನೀರಿನ ಸಾರ. ಟ್ರೇ ಡ್ರೈಯರ್‌ನಿಂದ ತೆಗೆದು ಪುಡಿ ಮಾಡಿದಾಗ ಹುಡಿಹುಡಿಯಾಗಿರುತ್ತದೆ. ಮರುದಿನ ಡ್ರಮ್ಮಿನಲ್ಲಿ ನೋಡಿದರೆ ಬೆಲ್ಲದ ಅಚ್ಚಿನ ಹಾಗೆ ಒಂದೇ ಗಡ್ಡೆ.

ನೀರಿಗೆ ಕರಗುವ ಪಾಲಿಮರ್ ಪಿವಿಪಿ ಕೆ30 ದಾಸ್ತಾನಿದೆ. ಅದೊಂದರಲ್ಲೇ ಮೂರೂ ಸರಿಹೋಗುತ್ತವೆಯೇ?

ಖಲ್ವ

ಸರ್, ಮೂರಕ್ಕೂ ಒಂದೇ ಮದ್ದು ಇಲ್ಲ. ನಿಮ್ಮದು ಮೂರು ಬೇರೆ ಬೇರೆ ತೊಂದರೆ. ಅರಿಶಿನದ್ದು ಕರಗುವಿಕೆ ಮತ್ತು ಡೋಸಿನ ಗಾತ್ರ, ಎರಡೂ ಸೇರಿದ ತೊಂದರೆ. ನೆಲಬೇವಿನದು ಕರಗುವಿಕೆಯದು ಮಾತ್ರ, ಡೋಸ್ ಸಣ್ಣದು, ಹಾಗಾಗಿ ಸುಲಭ. ಮಧುನಾಶಿನಿಗೆ ಕರಗುವ ತೊಂದರೆಯೇ ಇಲ್ಲ. ಅದು ಅತಿಯಾಗಿ ಕರಗುತ್ತದೆ, ಗಾಳಿಯ ತೇವದಲ್ಲೇ ಕರಗುತ್ತದೆ.

ಯಾವ ಸಾರಕ್ಕೇ ಆಗಲಿ, ಮೊದಲು ಒಂದು ಮಾತು ಖಚಿತ ಮಾಡಿಕೊಳ್ಳಬೇಕು: ನೆನೆಯದ್ದು ಬೇರೆ, ಕರಗದ್ದು ಬೇರೆ. ಎರಡು ಬೀಕರ್‌ನಲ್ಲಿ 100 ಮಿ.ಲೀ. ನೀರು ಇಡಿ. ಒಂದಕ್ಕೆ ಪುಡಿ ನೆನೆಯಲು ನೆರವಾಗುವ ಪಾಲಿಸಾರ್ಬೇಟ್ 80 ಅನ್ನು ಶೇ 0.1ರಷ್ಟು ಬೆರೆಸಿ. ಎರಡರ ಮೇಲೂ ಒಂದು ಚಿಟಿಕೆ ಪುಡಿ ಉದುರಿಸಿ, ಕಲಕದೆ ಗಡಿಯಾರ ನೋಡಿ. ಬರೀ ನೀರಿನಲ್ಲಿ ತೇಲಿ, ಪಾಲಿಸಾರ್ಬೇಟ್ ನೀರಿನಲ್ಲಿ ಅರ್ಧ ನಿಮಿಷದಲ್ಲಿ ಮುಳುಗಿದರೆ ನೆನೆಯುವ ತೊಂದರೆ ಇದೆ ಅಂತ. ಆಮೇಲೆ ಎರಡನ್ನೂ ಕಲಕಿ ಒಂದು ಗಂಟೆ ಬಿಟ್ಟು, ಒಂದು ಹನಿ ಗಾಜಿನ ಸ್ಲೈಡಿನ ಮೇಲೆ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿ. ಚೂಪು ಅಂಚಿನ ಹರಳುಗಳು ಹಾಗೇ ಇದ್ದರೆ ನೆನೆದಿದೆ, ಕರಗಿಲ್ಲ. ಬರೀ ನೆನೆಯುವ ತೊಂದರೆಯಾಗಿದ್ದರೆ ದುಬಾರಿ ಪಾಲಿಮರ್‌ಗೆ ಕೈ ಹಾಕಬೇಡಿ. ಲ್ಯಾಕ್ಟೋಸ್ ಅಥವಾ ಮಾಲ್ಟೊಡೆಕ್ಸ್‌ಟ್ರಿನ್ ಜೊತೆ ಚೆನ್ನಾಗಿ ಅರೆದರೇ ಸಾಕಾಗುತ್ತದೆ.

ಅರಿಶಿನಕ್ಕೆ ಸೋಡಾ ಬೆರೆಸಿ ಕರಗಿಸಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಆರತಿ ನೀರಿಗೆ ಅರಿಶಿನ ಸುಣ್ಣ ಕಲಸಿದಾಗ ಕೆಂಪಾಗುತ್ತದಲ್ಲ, ಅಲ್ಲಿ ಕರ್ಕ್ಯುಮಿನ್ ಕರಗುವುದು ನಿಜ. ಆದರೆ ಕ್ಷಾರದಲ್ಲಿ ಅದು ನಿಮಿಷಗಳ ಲೆಕ್ಕದಲ್ಲಿ ಒಡೆಯತೊಡಗುತ್ತದೆ. ನೀವು ಕರಗಿಸಿದ ಹಾಗೂ ಆಗುತ್ತದೆ, ಕಳೆದುಕೊಂಡ ಹಾಗೂ ಆಗುತ್ತದೆ.

ಕೋಟೆ ಸೀಮೆ

ಖಲ್ವ ಸರ್ ಹೇಳಿದ ಡೋಸಿನ ಗಾತ್ರದ ಬಗ್ಗೆ ಲೆಕ್ಕ ಹಾಕಿ ತೋರಿಸುತ್ತೇನೆ. ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಕರಗದ ಅಣುವನ್ನು ತನ್ನ ಉಂಗುರದೊಳಗೆ ಕೂರಿಸಿಕೊಂಡು ನೀರಿಗೆ ಒಗ್ಗಿಸುವ ಸಕ್ಕರೆ ಜಾತಿಯ ವಸ್ತು ಸೈಕ್ಲೋಡೆಕ್ಸ್‌ಟ್ರಿನ್, ಅದನ್ನೇ ತೆಗೆದುಕೊಳ್ಳೋಣ.

ಬೀಟಾ ಸೈಕ್ಲೋಡೆಕ್ಸ್‌ಟ್ರಿನ್‌ನ ಅಣುತೂಕ 1135. ಕರ್ಕ್ಯುಮಿನ್‌ನದು 368. ಕರ್ಕ್ಯುಮಿನ್‌ಗೆ ಸಾಮಾನ್ಯವಾಗಿ ತೆಗೆದುಕೊಳ್ಳುವ 1:2 ಅಣು ಅನುಪಾತ ಹಿಡಿದರೆ 500 ಮಿ.ಗ್ರಾಂ ಕರ್ಕ್ಯುಮಿನ್‌ಗೆ 3 ಗ್ರಾಂಗಿಂತ ಹೆಚ್ಚು ಸೈಕ್ಲೋಡೆಕ್ಸ್‌ಟ್ರಿನ್ ಬೇಕು. ಒಟ್ಟು ಮೂರೂವರೆ ಗ್ರಾಂ ಪುಡಿ. ಡಬಲ್ ಜೀರೋ ಕ್ಯಾಪ್ಸೂಲ್ ಹಿಡಿಯುವುದು ಸುಮಾರು 0.95 ಮಿ.ಲೀ., ಅಂದರೆ ಐನೂರು ಚಿಲ್ಲರೆ ಮಿ.ಗ್ರಾಂ. ಒಂದು ಹೊತ್ತಿಗೆ ಏಳು ಕ್ಯಾಪ್ಸೂಲ್ ಯಾರು ನುಂಗುತ್ತಾರೆ?

ಅದೇ ಆಂಡ್ರೊಗ್ರಾಫೊಲೈಡ್ ನೋಡಿ. ಅಣುತೂಕ 350, 1:1 ಸಾಕು, 20 ಮಿ.ಗ್ರಾಂಗೆ 65 ಮಿ.ಗ್ರಾಂ ಸೈಕ್ಲೋಡೆಕ್ಸ್‌ಟ್ರಿನ್. ಮಾತ್ರೆಯೊಳಗೆ ಆರಾಮವಾಗಿ ಕೂರುತ್ತದೆ. ಕಹಿಯೂ ತಗ್ಗುತ್ತದೆ, ಯಾಕೆಂದರೆ ಅಣು ಉಂಗುರದೊಳಗೆ ಸೇರಿದ ಮೇಲೆ ನಾಲಿಗೆಗೆ ಅಷ್ಟಾಗಿ ಸಿಗುವುದಿಲ್ಲ.

ಮಾಡುವ ಕ್ರಮ ಹೀಗೆ. ನೆಲಬೇವಿನ ಸಾರದಲ್ಲಿ ಆಂಡ್ರೊಗ್ರಾಫೊಲೈಡ್ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿಕೊಳ್ಳಿ. ಶೇ 30 ಇದ್ದರೆ 100 ಗ್ರಾಂ ಸಾರದಲ್ಲಿ 30 ಗ್ರಾಂ. ಅದಕ್ಕೆ 97 ಗ್ರಾಂ ಬೀಟಾ ಸೈಕ್ಲೋಡೆಕ್ಸ್‌ಟ್ರಿನ್ ಲೆಕ್ಕ, 105 ಗ್ರಾಂ ಹಿಡಿಯಿರಿ, ಸಾರದ ಬೇರೆ ಅಂಶಗಳೂ ಉಂಗುರಕ್ಕೆ ಪೈಪೋಟಿ ಮಾಡುತ್ತವೆ. ಮೊದಲು ಸೈಕ್ಲೋಡೆಕ್ಸ್‌ಟ್ರಿನ್ ಮಾತ್ರ ತೆಗೆದುಕೊಂಡು, ಸಮಪಾಲು ಎಥನಾಲ್ ಮತ್ತು ನೀರಿನ ಮಿಶ್ರಣವನ್ನು ಸ್ವಲ್ಪಸ್ವಲ್ಪ ಹನಿಸಿ ಚಪಾತಿ ಹಿಟ್ಟಿಗಿಂತ ಮೆತ್ತಗೆ ಕಲಸಿ. ಆಮೇಲೆ ಸಾರವನ್ನು ನಾಲ್ಕೈದು ಕಂತಿನಲ್ಲಿ ಸೇರಿಸಿ, ಒಟ್ಟು 60 ನಿಮಿಷ ನಾದಬೇಕು. ಮಧ್ಯೆ ಒಣಗಿದರೆ ಮತ್ತೆ ಹನಿಸಿ. ಮೊದಲ ಕಾಲು ಗಂಟೆ ಅದು ಮರಳುಮರಳಾಗಿ ಖಲ್ವಕ್ಕೆ ಉಜ್ಜುವ ಸದ್ದು ಬರುತ್ತದೆ. ಆಮೇಲೆ ಸದ್ದು ಅಡಗಿ, ಬೆಣ್ಣೆಯ ಹಾಗೆ ಮುಸಲಕ್ಕೆ ಅಂಟಿ ಏಳತೊಡಗುತ್ತದೆ. ಆ ಹದ ಬಂದ ಮೇಲೂ ಅರ್ಧ ಗಂಟೆ ನಾದುವುದನ್ನು ನಿಲ್ಲಿಸಬಾರದು. ತೆಳ್ಳಗೆ ಹರಡಿ 45 ಡಿಗ್ರಿಯಲ್ಲಿ ಒಣಗಿಸಿ, 80 ಮೆಶ್ ಜರಡಿ ಹಿಡಿಯಿರಿ.

ಬರೀ ಪುಡಿಪುಡಿ ಬೆರೆಸಿ "ಕಾಂಪ್ಲೆಕ್ಸ್ ಆಯಿತು" ಅನ್ನುವವರಿದ್ದಾರೆ. ಅದು ಮಿಶ್ರಣ, ಅಣು ಉಂಗುರದೊಳಗೆ ಕೂತ ಕಾಂಪ್ಲೆಕ್ಸ್ ಅಲ್ಲ. ಡಿಎಸ್‌ಸಿ (ಪುಡಿಯನ್ನು ಬಿಸಿ ಮಾಡುತ್ತಾ ಶಾಖ ಅಳೆಯುವ ಪರೀಕ್ಷೆ) ಗ್ರಾಫಿನಲ್ಲಿ ಆಂಡ್ರೊಗ್ರಾಫೊಲೈಡ್ ಬಿಸಿಗೆ ಕರಗುವ ಶಿಖರ ಹಾಗೇ ನಿಂತಿದ್ದರೆ ಒಳಗೆ ಹೋಗಿಲ್ಲ ಅಂತಲೇ ಅರ್ಥ.

ಇನ್ನೊಂದು: ನೆಲಬೇವಿನ ಮಾತ್ರೆಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಸೋಡಾದಂಥ ಕ್ಷಾರೀಯ ಪುಡಿ ಹಾಕಬೇಡಿ. ಆಂಡ್ರೊಗ್ರಾಫೊಲೈಡ್ ಅಣುವಿನದೇ ಲ್ಯಾಕ್ಟೋನ್ ಉಂಗುರ ಬಿಚ್ಚಿಕೊಂಡು ಅಸ್ಸೇ, ಅಂದರೆ ಅಳೆದಾಗ ಸಿಗುವ ಪ್ರಮಾಣ, ಇಳಿಯುತ್ತದೆ.

ಹದಡಿ ರಸ್ತೆ

ಲೆಕ್ಕ ಅರ್ಥವಾಯಿತು ಸರ್. ಹಾಗಾದರೆ ಅರಿಶಿನಕ್ಕೆ ಪಿವಿಪಿ?

ಖಲ್ವ

ಆಗುತ್ತದೆ, ಆದರೆ 500 ಮಿ.ಗ್ರಾಂ ಅನ್ನುವ ಅಂಕಿಯನ್ನು ಬಿಡಬೇಕು. ಸಾರವನ್ನು ಹರಳುಗಟ್ಟದಂತೆ ಪಾಲಿಮರ್ ಒಳಗೆ ಹರಡುವ ಘನ ಚದುರಿಕೆಯಲ್ಲಿ, ಅಂದರೆ ಸಾಲಿಡ್ ಡಿಸ್ಪರ್ಷನ್‌ನಲ್ಲಿ, 1 ಪಾಲು ಕರ್ಕ್ಯುಮಿನ್‌ಗೆ 4 ಪಾಲು ಪಿವಿಪಿ ಹಾಕಿದರೆ 500ಕ್ಕೆ 2.5 ಗ್ರಾಂ ಆಗುತ್ತದೆ, ಅದೂ ಹಿಡಿಸದು. 80 ಮಿ.ಗ್ರಾಂ ಕರ್ಕ್ಯುಮಿನ್, 320 ಮಿ.ಗ್ರಾಂ ಪಿವಿಪಿ, ಒಟ್ಟು 400 ಮಿ.ಗ್ರಾಂ ಒಂದು ಕ್ಯಾಪ್ಸೂಲಿಗೆ. ಚೆನ್ನಾಗಿ ಕರಗುವ 80, ಕರಗದೆ ಹೊರಗೆ ಹೋಗುವ 500ಕ್ಕಿಂತ ಮೇಲು.

ಪ್ರಯೋಗಕ್ಕೆ 5 ಗ್ರಾಂ ಸಾರ, 20 ಗ್ರಾಂ ಪಿವಿಪಿ ಕೆ30 ತೆಗೆದುಕೊಳ್ಳಿ. 50 ಡಿಗ್ರಿಗೆ ಬಿಸಿ ಮಾಡಿದ ಎಥನಾಲ್‌ನಲ್ಲಿ ಮೊದಲು ಕರ್ಕ್ಯುಮಿನ್ ಪೂರ್ತಿ ಕರಗಲಿ. ಎಥನಾಲ್ ಎಷ್ಟು ಬೇಕೋ ಅಷ್ಟು ಹಾಕಿ, ಅಲ್ಲಿ ಜಿಪುಣತನ ಮಾಡಬೇಡಿ. ಟಾರ್ಚ್ ಬೆಳಕು ಹಾಯಿಸಿದರೆ ಒಂದು ಕಣವೂ ಮಿನುಗಬಾರದು. ಕರಗದೆ ಉಳಿದ ಒಂದೊಂದು ಹರಳೂ ಮುಂದೆ ಬೀಜವಾಗಿ ಇಡೀ ಬ್ಯಾಚನ್ನು ಮತ್ತೆ ಹರಳುಗಟ್ಟಿಸುತ್ತದೆ. ಆಮೇಲೆ ಪಿವಿಪಿ ಸೇರಿಸಿ. ರೋಟರಿ ಇವಾಪೊರೇಟರ್‌ನಲ್ಲಿ 45–50 ಡಿಗ್ರಿ, ನಿರ್ವಾತದಲ್ಲಿ ಬೇಗ ಆರಿಸಿ. ನಿಧಾನವಾಗಿ ಆರಿಸಿದರೆ ಹರಳು ಕಟ್ಟಲು ಸಮಯ ಕೊಟ್ಟ ಹಾಗೆ. ತೆರೆದ ತಟ್ಟೆಯಲ್ಲಿ ಬಿಟ್ಟು ಆರಿಸಿದ ಬ್ಯಾಚುಗಳು ಕೆಡುವುದು ಇದೇ ಕಾರಣಕ್ಕೆ. ಫ್ಲಾಸ್ಕಿನ ಗೋಡೆಗೆ ಕೆಂಪು ಗಾಜಿನಂಥ ಪದರ ಬಂದು ಬಿರುಕು ಬಿಟ್ಟರೆ ಸರಿಯಾದ ದಾರಿಯಲ್ಲಿದ್ದೀರಿ. ಅದನ್ನು ಕೆರೆದು 40 ಡಿಗ್ರಿ ನಿರ್ವಾತ ಒಲೆಯಲ್ಲಿ ಒಂದು ರಾತ್ರಿ ಇಟ್ಟು, 60 ಮೆಶ್ ಜರಡಿ ಹಿಡಿದು, ತಕ್ಷಣ ಸಿಲಿಕಾ ಜೆಲ್ ಜೊತೆ ಮುಚ್ಚಿಡಿ. ಎಲ್ಲವೂ ಬೆಳಕಿಗೆ ಮರೆಯಾಗಿ ನಡೆಯಬೇಕು, ಕಂದು ಗಾಜು ಇಲ್ಲದಿದ್ದರೆ ಅಲ್ಯೂಮಿನಿಯಂ ಹಾಳೆ ಸುತ್ತಿ.

ಎಥನಾಲ್‌ಗೆ ಅಬಕಾರಿ ಪರವಾನಗಿ ಬೇಕೇ ಬೇಕು. ಮೆಥನಾಲ್ ಬೆರೆಸಿದ ಸ್ಪಿರಿಟ್ ಬಳಸಲೇಬೇಡಿ. ಉಳಿಕೆ ದ್ರಾವಕದ ಮಿತಿ ಎಥನಾಲ್‌ಗೆ 5000 ಪಿಪಿಎಂ, ಮೆಥನಾಲ್‌ಗೆ 3000, ಡೈಕ್ಲೋರೋಮೀಥೇನ್‌ಗೆ ಬರೀ 600.

ಕ್ಯಾಪ್ಸೂಲಿಗೆ ತುಂಬಿದ ಮೇಲೆ ಇನ್ನೊಂದು ತೊಂದರೆ ಬರುತ್ತದೆ. ಪಿವಿಪಿ ಹೊರಮೈಯಲ್ಲಿ ನೆನೆದು ಅಂಟಾಗಿ, ಒಳಗಿನ ಪುಡಿ ಒಣಗಿದ ಉಂಡೆಯಾಗಿ ಉಳಿಯುತ್ತದೆ. ನೀರು ಹೀರಿ ಉಬ್ಬಿ ಪುಡಿಯನ್ನು ಬಿಡಿಸುವ ಕ್ರಾಸ್‌ಕಾರ್ಮೆಲ್ಲೋಸ್ ಸೋಡಿಯಂ ಶೇ 5 ಬೆರೆಸಿ. ಅದೇ ಕೆಲಸದ, ಪಿವಿಪಿ ಜಾತಿಯ ಕ್ರಾಸ್‌ಪೊವಿಡೋನ್ ಬೇಡ, ಅದು ಫಿನಾಲ್ ಗುಂಪುಗಳನ್ನು ಹಿಡಿದುಕೊಳ್ಳುತ್ತದೆ.

ಗಸಿ-ತಿಳಿ

ಖಲ್ವ ಸರ್ ಕೊನೆಯಲ್ಲಿ ಹೇಳಿದ್ದನ್ನು ಇನ್ನೂ ಒತ್ತಿ ಹೇಳಬೇಕು. ನೆಲ್ಲಿ, ಅಳಲೆ, ಮತ್ತಿ ತೊಗಟೆಯಂಥ ಒಗರು ಸಾರಕ್ಕೆ ಪಿವಿಪಿ ಹಾಕಬೇಡಿ. ಟ್ಯಾನಿನ್ ಮತ್ತು ಪಿವಿಪಿ ಸೇರಿದರೆ ಕೂಡಲೇ ಗಸಿ ಇಳಿಯುತ್ತದೆ. ಪಾನೀಯದಿಂದ ಪಾಲಿಫಿನಾಲ್ ತೆಗೆದುಹಾಕಲು ಬಿಯರ್ ಉದ್ಯಮ ಬಳಸುವುದು ಇದೇ ಜಾತಿಯ ಪಾಲಿಮರ್. ಮದ್ದನ್ನೇ ಸೋಸಿ ಎಸೆದ ಹಾಗಾಗುತ್ತದೆ.

ಈಗ ಮಧುನಾಶಿನಿ. ಮೊದಲ ಪ್ರಶ್ನೆ, ಕುದಿಸಲು ಯಾವ ನೀರು ಹಾಕುತ್ತೀರಿ?

ಹದಡಿ ರಸ್ತೆ

ಬೋರಿನ ನೀರು ಮೇಡಂ. ಟಿಡಿಎಸ್ (ನೀರಿನಲ್ಲಿ ಕರಗಿರುವ ಉಪ್ಪು) ಲೀಟರಿಗೆ 1000 ಮಿ.ಗ್ರಾಂ ಆಸುಪಾಸು. ಒಂದು ಕೆ.ಜಿ. ಎಲೆಗೆ ಎರಡು ಸಲ ಸೇರಿ 14 ಲೀಟರ್.

ಗಸಿ-ತಿಳಿ

ಅರ್ಧ ತೊಂದರೆ ಅಲ್ಲೇ ಇದೆ. ಲೆಕ್ಕ ನೋಡಿ. ಸೋಸಿದಾಗ 10 ಲೀಟರ್ ಸಿಕ್ಕಿತು ಅಂದುಕೊಳ್ಳಿ. ಲೀಟರಿಗೆ 1 ಗ್ರಾಂ ಉಪ್ಪಾದರೆ 10 ಗ್ರಾಂ ಉಪ್ಪು ಸಾರದೊಳಗೆ ಬಂತು. ಕೆ.ಜಿ. ಎಲೆಗೆ 150 ಗ್ರಾಂ ಒಣಸಾರ ಬಂದರೆ ಅದರಲ್ಲಿ ಶೇ 6–7ರಷ್ಟು ನಿಮ್ಮ ಬೋರಿನ ಉಪ್ಪೇ. ಕುದಿಯುವಾಗ ಒಂದಿಷ್ಟು ಪಾತ್ರೆಗೆ ಪೊರೆಗಟ್ಟಿ ಹೋದರೂ ಕ್ಯಾಲ್ಸಿಯಂ, ಮೆಗ್ನೀಸಿಯಂ ಕ್ಲೋರೈಡ್ ಸಾರದಲ್ಲೇ ಉಳಿಯುತ್ತವೆ, ಅವು ಗಾಳಿಯ ತೇವವನ್ನು ಎಳೆದುಕೊಳ್ಳುವುದರಲ್ಲಿ ಮುಂದು. ಚಿತ್ರದುರ್ಗದ ಕಡೆ ಬೋರಿನಲ್ಲಿ ಫ್ಲೋರೈಡ್ ಇರುವ ಊರುಗಳೂ ಉಂಟು, ಅದೂ ಸಾರದಲ್ಲಿ ಒಟ್ಟುಗೂಡುತ್ತದೆ. ಗಡಸು ನೀರು ಕುದ್ದಾಗ ಪಿಎಚ್ ಏರಿ, ಒಗರು ಇರುವ ಸಾರಗಳು ಕಪ್ಪಾಗುತ್ತವೆ. ಆರ್‌ಒ ನೀರಿಗೆ ಬನ್ನಿ. ಬೂದಿ ಪ್ರಮಾಣ ಮೊದಲು ಮತ್ತು ಆಮೇಲೆ ಅಳೆದು ನೋಡಿ, ವ್ಯತ್ಯಾಸ ನಿಮಗೇ ಕಾಣುತ್ತದೆ.

ಮಧುನಾಶಿನಿಯಲ್ಲಿ ಸಪೋನಿನ್ ಇದೆ, ಬತ್ತಿಸುವಾಗ ನೊರೆ ಉಕ್ಕುತ್ತದೆ. ಪಾತ್ರೆ ಅರ್ಧಕ್ಕಿಂತ ಮೇಲೆ ತುಂಬಬೇಡಿ, ನಿರ್ವಾತವನ್ನು ಒಮ್ಮೆಲೇ ಎಳೆಯಬೇಡಿ.

ಒಣಗಿಸುವುದಕ್ಕೆ ಟ್ರೇ ಬಿಟ್ಟು ಸ್ಪ್ರೇ ಡ್ರೈಯರ್‌ಗೆ ಕೊಡಿ, ಬಾಡಿಗೆಗೆ ಮಾಡಿಕೊಡುವವರಿದ್ದಾರೆ. ಘನಾಂಶ ಶೇ 30ಕ್ಕೆ ತಂದು, ಸಾರದ ಘನಾಂಶ 70 ಪಾಲಿಗೆ ಮಾಲ್ಟೊಡೆಕ್ಸ್‌ಟ್ರಿನ್ (ಪಿಷ್ಟದಿಂದ ಮಾಡಿದ ಪುಡಿ, ಡಿಇ 10 ದರ್ಜೆಯದು) 30 ಪಾಲು ಕರಗಿಸಿ. ಒಳಗಾಳಿ 165 ಡಿಗ್ರಿ, ಹೊರಗಾಳಿ 80–85. ಹೊರಗಾಳಿಯ ಅಂಕಿಯೇ ಮುಖ್ಯ, ಅದು ಫೀಡ್ ಪಂಪಿನ ವೇಗದಿಂದ ಹಿಡಿತಕ್ಕೆ ಬರುತ್ತದೆ.

ಮಾಲ್ಟೊಡೆಕ್ಸ್‌ಟ್ರಿನ್ ಯಾಕೆ ಅಂದರೆ, ಎಲೆಯ ಸಾರದಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಇರುತ್ತವೆ. ಒಣ ಗ್ಲೂಕೋಸ್ ಗಾಜಿನ ಸ್ಥಿತಿಯಿಂದ ಮೆತ್ತಗಾಗುವುದು ಸುಮಾರು 31 ಡಿಗ್ರಿಯಲ್ಲಿ. ಫ್ರಕ್ಟೋಸ್ ಇನ್ನೂ ಕೆಳಗೆ. ಅಂದರೆ ದಾವಣಗೆರೆಯ ಬೇಸಿಗೆಯ ಮಧ್ಯಾಹ್ನ ಏನೂ ತೇವ ಇಲ್ಲದೆಯೂ ಮೆತ್ತಗಾಗಬಹುದು. ತೇವ ಸೇರಿದಷ್ಟೂ ಆ ಬಿಂದು ಕೆಳಗಿಳಿಯುತ್ತದೆ, ಕಣಕಣ ಅಂಟಿ ಗಡ್ಡೆಯಾಗುತ್ತದೆ. ಮಾಲ್ಟೊಡೆಕ್ಸ್‌ಟ್ರಿನ್‌ನ ಬಿಂದು ನೂರು ಡಿಗ್ರಿಗಿಂತ ಎಷ್ಟೋ ಮೇಲಿದೆ, ಬೆರೆಸಿದಾಗ ಸರಾಸರಿಯನ್ನು ಎತ್ತಿಹಿಡಿಯುತ್ತದೆ.

ಆದರೆ ಮಧುನಾಶಿನಿಯ ಸಕ್ರಿಯಾಂಶ ಜಿಮ್ನೆಮಿಕ್ ಆಮ್ಲ ಶೇ 25 ಇದ್ದ ಸಾರ ಈಗ ಶೇ 17.5 ಆಗುತ್ತದೆ. ಲೇಬಲ್ ಲೆಕ್ಕ ಅದರ ಮೇಲೆ ಹಾಕಿ. ಹೀಗೆ ಬೆರೆಸಿದ ವಾಹಕ ಎಷ್ಟು ಅನ್ನುವುದನ್ನು ಮುಚ್ಚಿಟ್ಟು ಮಾರುವ ಪೂರೈಕೆದಾರರಿಂದಲೇ ಈ ಉದ್ಯಮಕ್ಕೆ ಕೆಟ್ಟ ಹೆಸರು ಬರುತ್ತಿರುವುದು. ಇದನ್ನು ನಾನು ನೋವಿನಿಂದಲೇ ಹೇಳುತ್ತಿದ್ದೇನೆ.

ಎಚ್‌ಪಿಎಲ್‌ಸಿ ಕೋಣೆ

ಅರಿಶಿನದ ಪರೀಕ್ಷೆಯಲ್ಲಿ ಆಗುವ ತಪ್ಪುಗಳನ್ನು ಸೇರಿಸುತ್ತೇನೆ. ಇವು ತಿಳಿಯದಿದ್ದರೆ ಮೇಲಿನ ಕೆಲಸವೆಲ್ಲ ಗೆದ್ದಿತೋ ಸೋತಿತೋ ಗೊತ್ತಾಗುವುದಿಲ್ಲ.

ನೈಲಾನ್ ಫಿಲ್ಟರ್ ಬಳಸಬೇಡಿ. ಸೋಸಿದ ಮೇಲೆ ಫಿಲ್ಟರ್ ಬಿಚ್ಚಿ ನೋಡಿ, ಹಾಳೆಯೇ ಹಳದಿಯಾಗಿರುತ್ತದೆ. ಕರ್ಕ್ಯುಮಿನ್ ಅಲ್ಲಿ ಕೂತಿದೆ, ನಿಮ್ಮ ವಯಲ್‌ನಲ್ಲಿ ಇಲ್ಲ. ಪಿವಿಡಿಎಫ್ ಫಿಲ್ಟರ್ ಬಳಸಿ, ಮೊದಲ 3–4 ಮಿ.ಲೀ. ಚೆಲ್ಲಿ. ಆದರೂ 0.45 ಮೈಕ್ರಾನ್ ರಂಧ್ರದಲ್ಲಿ ಅತಿಸಣ್ಣ ಕಣಗಳು ದಾಟುತ್ತವೆ, ಕರಗಿದೆ ಅಂತ ಭ್ರಮೆ ಹುಟ್ಟಿಸುತ್ತವೆ. ಸೋಸಿದ್ದನ್ನು 10,000 ಆರ್‌ಪಿಎಂನಲ್ಲಿ 15 ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು ಮೆಥನಾಲ್‌ನಲ್ಲಿ ತೆಳುಮಾಡಿ 425 ನ್ಯಾನೊಮೀಟರ್‌ನಲ್ಲಿ ಓದಿ.

ಸಾಬೂನಿನಂಥ ಸೋಡಿಯಂ ಲಾರಿಲ್ ಸಲ್ಫೇಟ್ ಶೇ 1 ಹಾಕಿದ ಮಾಧ್ಯಮದಲ್ಲಿ ಎಲ್ಲ ಬ್ಯಾಚೂ ಪಾಸಾಗುತ್ತವೆ, ಕಚ್ಚಾ ಸಾರ ಕೂಡ. ಹೋಲಿಕೆಗೆ ಅದು ಪ್ರಯೋಜನವಿಲ್ಲ. ಮೊದಲು ಪಿಎಚ್ 1.2ರಲ್ಲಿ, ಆಮೇಲೆ ಪಿಎಚ್ 6.8ರಲ್ಲಿ ಸಾಬೂನಿಲ್ಲದೆ ನೋಡಿ. 5, 15, 30, 60, 120 ನಿಮಿಷಕ್ಕೆ ಮಾದರಿ ತೆಗೆಯಿರಿ. ಘನ ಚದುರಿಕೆ ಮೊದಲು ಏರಿ ಆಮೇಲೆ ಇಳಿಯುವುದು ಸಾಮಾನ್ಯ. ಇಳಿದದ್ದು ಗಸಿಯಾಯಿತೋ, ಒಡೆದುಹೋಯಿತೋ? 6.8ರಲ್ಲಿ ಎರಡೂ ಆಗುತ್ತದೆ. ಕೊನೆಯಲ್ಲಿ ತಳದ ಗಸಿಯನ್ನು ಮೆಥನಾಲ್‌ನಲ್ಲಿ ಕರಗಿಸಿ ಅಳೆದು, ತಿಳಿಯಲ್ಲಿ ಸಿಕ್ಕಿದ್ದರ ಜೊತೆ ಕೂಡಿಸಿ. ಹಾಕಿದಷ್ಟು ಸಿಕ್ಕರೆ ಗಸಿ, ಕಡಿಮೆಯಾದರೆ ಒಡೆತ. ಗಸಿಯಾದರೆ ಹೊರಗಿನಿಂದ ಶೇ 10 ಎಚ್‌ಪಿಎಂಸಿ ಇ5 ಎಂಬ ಪಾಲಿಮರ್ ಬೆರೆಸಿ ನೋಡಿ, ಇಳಿತ ನಿಧಾನವಾಗುತ್ತದೆ. ಒಡೆತಕ್ಕೆ ಪಾಲಿಮರ್ ಮದ್ದಲ್ಲ.

ಜೋಗಿಮಟ್ಟಿ

ಇಷ್ಟೆಲ್ಲ ಯಾಕೆ, ಕರಿಮೆಣಸಿನ ಪಿಪರಿನ್ 5 ಮಿ.ಗ್ರಾಂ ಹಾಕಿದರೆ ಮುಗಿಯಿತಲ್ಲ? ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ 1998ರ ಅಧ್ಯಯನದಲ್ಲಿ 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿ.ಗ್ರಾಂ ಪಿಪರಿನ್ ಕೊಟ್ಟಾಗ ಮನುಷ್ಯರಲ್ಲಿ ಲಭ್ಯತೆ, ಅಂದರೆ ರಕ್ತಕ್ಕೆ ಸೇರುವ ಪ್ರಮಾಣ, ಶೇ 2000 ಏರಿತ್ತು.

ಖಲ್ವ

ಅಧ್ಯಯನ ನಿಜ ಅಣ್ಣಾ. ಆದರೆ ಪಿಪರಿನ್ ಕರಗುವಿಕೆಯನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. ಕರುಳು ಮತ್ತು ಯಕೃತ್ತಿನಲ್ಲಿ ಕರ್ಕ್ಯುಮಿನ್‌ಗೆ ಗ್ಲುಕುರೊನೈಡ್ ಅಂಟಿಸಿ ಹೊರಹಾಕುವ ಕೆಲಸವನ್ನು ಅದು ತಡೆಯುತ್ತದೆ. ಅದೇ ತಡೆ ರೋಗಿ ನುಂಗುವ ಬೇರೆ ಮಾತ್ರೆಗಳ ಮೇಲೂ ಬೀಳುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್, ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಿಗೆ ಇದು ಹುಡುಗಾಟವಲ್ಲ. ಇಟಲಿಯಲ್ಲಿ 2019ರಲ್ಲಿ ಅರಿಶಿನದ ಪೂರಕಗಳ ಜೊತೆ ಯಕೃತ್ತಿನ ಉರಿಯೂತದ ಪ್ರಕರಣಗಳು ವರದಿಯಾಗಿ ಸರ್ಕಾರವೇ ಎಚ್ಚರಿಕೆ ಕೊಟ್ಟಿತು. ಅಡುಗೆಯ ಅರಿಶಿನದ ಅಭಯವನ್ನು ಇಪ್ಪತ್ತು ಪಟ್ಟು ಹೀರಿಕೊಳ್ಳುವ ಸಾರಕ್ಕೆ ಎತ್ತಿಕೊಡಬಾರದು. ಲಭ್ಯತೆ ಏರಿಸಿದವರು ಡೋಸ್ ಇಳಿಸಲೇಬೇಕು. ಪಿತ್ತಕೋಶದ ಕಲ್ಲು, ಯಕೃತ್ತಿನ ತೊಂದರೆ ಇದ್ದವರಿಗೆ ಬೇಡ ಅಂತ ಲೇಬಲ್‌ನಲ್ಲಿ ದಪ್ಪಕ್ಷರದಲ್ಲಿ ಬರಲಿ.

ಮಾತ್ರೆ ಯಂತ್ರ

ನೆಲಬೇವು ಮಾತ್ರೆ ಒತ್ತುವಾಗಿನ ಮಾತು. ಕಾಂಪ್ಲೆಕ್ಸ್ ಪುಡಿ ಹಗುರ, ಹರಿಯುವುದಿಲ್ಲ. 100 ಮಿ.ಲೀ. ಅಳತೆ ಗಾಜಿನಲ್ಲಿ ಸಡಿಲ ಸಾಂದ್ರತೆ, ತಟ್ಟಿದ ಸಾಂದ್ರತೆ ತೆಗೆಯಿರಿ. 0.38 ಮತ್ತು 0.55 ಬಂದರೆ ಪುಡಿಯ ಹರಿವನ್ನು ಹೇಳುವ ಕಾರ್ ಸೂಚ್ಯಂಕ 31, ಮಾತ್ರೆಯ ತೂಕ ಏರುಪೇರಾಗುತ್ತದೆ. 25ರ ಒಳಗೆ ತನ್ನಿ. ಮೈಕ್ರೋಕ್ರಿಸ್ಟಲೈನ್ ಸೆಲ್ಯುಲೋಸ್ (ಪಿಎಚ್ 102 ಅನ್ನುವ ದರ್ಜೆ), ಶೇ 1 ಏರೋಸಿಲ್ (ನಯವಾದ ಸಿಲಿಕಾ ಪುಡಿ) ಬೆರೆಸಿ, ದೊಡ್ಡ ಪಂಚಿನಲ್ಲಿ ಒತ್ತಿ ಸ್ಲಗ್, ಅಂದರೆ ಒರಟು ಬಿಲ್ಲೆ, ಮಾಡಿ, ಒಡೆದು 20 ಮೆಶ್ ಜರಡಿ ಹಿಡಿದು ಮತ್ತೆ ಒತ್ತಿ. ನೀರು ಹಾಕಿ ಗ್ರಾನ್ಯುಲೇಶನ್ ಮಾಡಿದರೆ ಕಷ್ಟಪಟ್ಟು ಕಟ್ಟಿದ ಕಾಂಪ್ಲೆಕ್ಸ್ ಒಂದಿಷ್ಟು ಬಿಚ್ಚಿಕೊಳ್ಳಬಹುದು. ಅಚ್ಚಿಗೆ ಅಂಟದಂತೆ ಹಾಕುವ ಮೆಗ್ನೀಸಿಯಂ ಸ್ಟಿಯರೇಟ್ ಶೇ 0.5, ಕೊನೆಯ 3 ನಿಮಿಷ ಮಾತ್ರ. ಹತ್ತು ನಿಮಿಷ ತಿರುಗಿಸಿದರೆ ಪ್ರತಿ ಕಣಕ್ಕೂ ಜಿಡ್ಡಿನ ಪೊರೆ ಕಟ್ಟಿ ಡಿಸಲ್ಯೂಶನ್ ಮತ್ತೆ 40ಕ್ಕೆ ಬರುತ್ತದೆ. ನಿಮ್ಮ ಈಗಿನ ಮಾತ್ರೆಯಲ್ಲಿ ಇದೂ ಒಂದು ಕಾರಣವಿರಬಹುದು, ಮಿಕ್ಸಿಂಗ್ ಸಮಯ ನೋಡಿ.

ಕೋಟೆ ಸೀಮೆ

ಪರವಾನಗಿ ಕಡೆಯಿಂದ ಎರಡು ಮಾತು. 1945ರ ಔಷಧ ಮತ್ತು ಕಾಂತಿವರ್ಧಕ ನಿಯಮಗಳ 169ನೇ ನಿಯಮ ಆಯುರ್ವೇದ ಔಷಧಗಳಿಗೆ ಒಪ್ಪಿತ ಸಹಾಯಕ ವಸ್ತುಗಳ ಬಗ್ಗೆ ಹೇಳುತ್ತದೆ. ಮೇಲೆ ಬಂದ ಪ್ರತಿಯೊಂದು ಹೆಸರನ್ನೂ ಅದಕ್ಕೆ ಹೊಂದಿಸಿ ನೋಡಿದ ಮೇಲೆಯೇ ಖರೀದಿ ಮಾಡಿ. ಭಾರಲೋಹಗಳ ಮಿತಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಪಿಪಿಎಂ. ಹತ್ತು ಕೆ.ಜಿ. ಎಲೆ ಒಂದು ಕೆ.ಜಿ. ಸಾರವಾದಾಗ ಎಲೆಯಲ್ಲಿ ಪಾಸಾದ ಲೋಹ ಸಾರದಲ್ಲಿ ಫೇಲಾಗಬಹುದು, ಹಾಗಾಗಿ ಎರಡು ಹಂತದಲ್ಲೂ ಪರೀಕ್ಷೆ ಆಗಬೇಕು.

ಹದಡಿ ರಸ್ತೆ

ಎಲ್ಲರಿಗೂ ತುಂಬಾ ಧನ್ಯವಾದ. ಮೊದಲು ಆರ್‌ಒ ನೀರಿನಲ್ಲಿ ಮಧುನಾಶಿನಿ, ಜೊತೆಗೆ ಸ್ಟಿಯರೇಟ್ ಸಮಯ ಇಳಿಸಿ ನೆಲಬೇವು. ಅರಿಶಿನ ಆಮೇಲೆ, 80 ಮಿ.ಗ್ರಾಂನಲ್ಲಿ. ಒಂದು ಪ್ರಶ್ನೆ ಉಳಿದಿದೆ. ಸ್ಪ್ರೇ ಪುಡಿ ಬಂದ ಮೇಲೆ ಮಳೆಗಾಲ ಹೇಗೆ ದಾಟಿಸುವುದು? ಪುಡಿಯನ್ನು ಎಸಿ ಕೋಣೆಯಲ್ಲಿ ಇಟ್ಟರೂ ಡ್ರಮ್ ಬಿಚ್ಚಿದ ದಿನವೇ ಮೇಲ್ಪದರ ಅಂಟಾಗುತ್ತದೆ.

ಗಸಿ-ತಿಳಿ

ಬೀದಿಯಲ್ಲಿ ಮಂಡಕ್ಕಿ ಮೆತ್ತಗಾಗುವ ದಿನ ಈ ಪುಡಿಯನ್ನು ತೆರೆಯಲೇಬಾರದು. ತುಂಬುವ ಕೋಣೆಯಲ್ಲಿ ಆರ್ದ್ರತೆ ಶೇ 35–40ರ ಒಳಗಿರಬೇಕು, ಎಸಿ ಒಂದರಿಂದ ಅದು ಆಗುವುದಿಲ್ಲ, ಡಿಹ್ಯುಮಿಡಿಫೈಯರ್ ಬೇಕು. ಗೋಡೆಗೆ ನೂರಿನ್ನೂರು ರೂಪಾಯಿಯ ಮಾಪಕ ತೂಗುಹಾಕಿದರೆ ಸಾಲದು, ವರ್ಷಕ್ಕೊಮ್ಮೆ ಕ್ಯಾಲಿಬ್ರೇಟ್ ಆದದ್ದು ಇರಲಿ. ಪುಡಿಯ ತೇವಾಂಶ ಶೇ 4ರ ಒಳಗೆ ಬಂದಾಗ ಮಾತ್ರ ಪ್ಯಾಕ್ ಮಾಡಿ. 25 ಕೆ.ಜಿ. ಡ್ರಮ್ ಬೇಡ, ಒಂದು ದಿನದಲ್ಲಿ ಮುಗಿಯುವ 5 ಕೆ.ಜಿ. ಪೊಟ್ಟಣ ಮಾಡಿ. ಒಳಗೆ ಪಾಲಿಥಿನ್, ಹೊರಗೆ ಅಲ್ಯೂಮಿನಿಯಂ ಲ್ಯಾಮಿನೇಟ್ ಚೀಲ, ಸಿಲಿಕಾ ಜೆಲ್ ಎರಡು ಚೀಲಗಳ ನಡುವೆ.

ನಿಮ್ಮ ಮೇಲ್ಪದರ ಅಂಟಾಗುವುದಕ್ಕೆ ಕಾರಣ ಎಸಿ ಕೋಣೆಯೇ. 20 ಡಿಗ್ರಿಯ ತಣ್ಣನೆಯ ಡ್ರಮ್ಮನ್ನು ಹೊರಗಿನ ಒದ್ದೆ ಗಾಳಿಯಲ್ಲಿ ಬಿಚ್ಚಿದರೆ ತಂಬಿಗೆಯ ಹೊರಗೆ ನೀರು ಇಳಿಯುವ ಹಾಗೆ ಪುಡಿಯ ಮೇಲೆ ಇಬ್ಬನಿ ಕೂರುತ್ತದೆ. ಪೊಟ್ಟಣವನ್ನು ಹಿಂದಿನ ರಾತ್ರಿಯೇ ತುಂಬುವ ಕೋಣೆಗೆ ತಂದು, ಬಾಯಿ ಬಿಗಿದಂತೆಯೇ ಇಟ್ಟು, ಕೋಣೆಯ ಬಿಸಿಗೆ ಬಂದ ಮೇಲೆ ಬೆಳಿಗ್ಗೆ ಬಿಚ್ಚಿ.